ಉಂಗುರದಲ್ಲಿ ಮದ್ದು ಕಾಣಿಸುವ ಕ್ರಮ

ಮೊದಲು ರೋಗವನ್ನು ಆರಿಸಿಕೊಳ್ಳಿ. ಕ್ಯಾನ್ಸರ್ ಆದರೆ ಉತ್ತಮ. ಅದರಲ್ಲೂ ಯಕೃತ್ತು, ಜಠರ, ದೊಡ್ಡ ಕರುಳು ಈ ಮೂರರಲ್ಲಿ ಒಂದು. ಆಪರೇಷನ್‌ನಲ್ಲಿ ತೆಗೆದ ಗಡ್ಡೆ ಸಿಗುತ್ತದೆ, ಪಕ್ಕದ ಆರೋಗ್ಯವಂತ ಅಂಗಾಂಶವೂ ಹೋಲಿಕೆಗೆಂದು ಜೊತೆಯಲ್ಲೇ ಬರುತ್ತದೆ. ಮದ್ದು ಯಾವುದು ಎಂಬ ಚಿಂತೆ ಬೇಡ. ಅದು ಮೊದಲೇ ತೀರ್ಮಾನವಾಗಿದೆ: ವೃತ್ತಾಕಾರದ ಆರ್‌ಎನ್‌ಎ. ಚಿಕ್ಕದಾಗಿ ಉಂಗುರ ಎನ್ನೋಣ.

ಉಂಗುರದ ಬಗ್ಗೆ ನೀವು ಓದಿಕೊಳ್ಳಬೇಕಾದದ್ದು ಒಂದು ಪ್ಯಾರಾದಷ್ಟು. ಡಿಎನ್‌ಎಯಿಂದ ನಕಲಾಗಿ ಬರುವ ಆರ್‌ಎನ್‌ಎ ಒಂದು ಉದ್ದನೆಯ ಎಳೆ. ಜೀವಕೋಶ ಅದರೊಳಗಿನ ಬೇಡದ ಇಂಟ್ರಾನ್ ತುಂಡುಗಳನ್ನು ಕತ್ತರಿಸಿ ತೆಗೆದು, ಬೇಕಾದ ಎಕ್ಸಾನ್‌ಗಳನ್ನು ಸಾಲಾಗಿ ಹೊಲಿಯುತ್ತದೆ. ಕೆಲವು ಸಲ ಹೊಲಿಗೆ ಹಿಂದಕ್ಕೆ ಹೊರಳಿ, ಮುಂದಿನ ಎಕ್ಸಾನಿನ ಬಾಲ ಹಿಂದಿನ ಎಕ್ಸಾನಿನ ತಲೆಗೆ ಅಂಟಿಕೊಳ್ಳುತ್ತದೆ. ಹಿಟ್ಟು ಹೊಸೆದು ಎರಡೂ ತುದಿ ಒತ್ತಿದ ಕೋಡುಬಳೆ ಅಂದುಕೊಳ್ಳಿ. ಆರ್‌ಎನ್‌ಎಯನ್ನು ತಿಂದುಹಾಕುವ ಕಿಣ್ವಗಳು ಬಹುಪಾಲು ತುದಿಯಿಂದ ಶುರುಮಾಡುತ್ತವೆ. ಇದಕ್ಕೆ ತುದಿಯೇ ಇಲ್ಲ. ಹಾಗಾಗಿ ಸಾಮಾನ್ಯ ಎಳೆಗಳು ಕೆಲವೇ ಗಂಟೆಗಳಲ್ಲಿ ಅರ್ಧಕ್ಕರ್ಧ ಕರಗಿಹೋಗುವಾಗ ಉಂಗುರಗಳು ಒಂದು ದಿನ, ಕೆಲವು ಅದಕ್ಕೂ ಹೆಚ್ಚು ತಡೆದು ನಿಲ್ಲುತ್ತವೆ. ಇದು ನಿಜ. ನಿಮ್ಮ ಪ್ರಬಂಧದಲ್ಲಿ ಇಷ್ಟು ನಿಜ ಇದ್ದರೆ ಸಾಕು. ಮುಂದಿನದೆಲ್ಲ ಇದರ ಮರ್ಯಾದೆಯ ಮೇಲೆ ನಡೆದುಹೋಗುತ್ತದೆ.

ಪೀಠಿಕೆಯಲ್ಲಿ ಇತಿಹಾಸಕ್ಕೆ ಎರಡು ವಾಕ್ಯ ಮೀಸಲಿಡಿ. 1976ರಲ್ಲಿ ಸ್ಯಾಂಗರ್ ಮತ್ತು ಸಂಗಡಿಗರು ವೈರಾಯ್ಡ್‌ಗಳ ಆರ್‌ಎನ್‌ಎ ಉಂಗುರದಂತಿದೆ ಎಂದು ತೋರಿಸಿದರು ಎಂದು ಬರೆಯಿರಿ. ಇವರು ಜರ್ಮನಿಯ ಹೈಂಝ್ ಸ್ಯಾಂಗರ್, ಎರಡು ನೊಬೆಲ್ ಗೆದ್ದ ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ ಅಲ್ಲ. ಓದುಗರು ಹಾಗೆ ತಿಳಿದುಕೊಂಡರೆ ತಿದ್ದಲು ಹೋಗಬೇಡಿ. ಆಲೂಗಡ್ಡೆಯನ್ನು ಕದಿರಿನ ಆಕಾರಕ್ಕೆ ಸೊರಗಿಸುವ ವೈರಾಯ್ಡ್ ಬರೀ 359 ಅಕ್ಷರಗಳ ಒಂದು ಉಂಗುರ. ಒಂದೂ ಪ್ರೋಟೀನ್ ಇಲ್ಲದೆ ಬೆಳೆ ಹಾಳುಮಾಡುತ್ತದೆ. ಮನುಷ್ಯರ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಡೆಲ್ಟಾ ವೈರಸ್ಸಿನ ಜೀನೋಮ್ ಕೂಡ ಆರ್‌ಎನ್‌ಎ ಉಂಗುರವೇ. ಅಂದರೆ ಉಂಗುರ ಮೊದಲು ಕಣ್ಣಿಗೆ ಬಿದ್ದದ್ದು ರೋಗವಾಗಿ. ಈ ಮಾತನ್ನು ಚಿಕಿತ್ಸೆಯ ಅಧ್ಯಾಯದ ಹತ್ತಿರ ಸುಳಿಯಗೊಡಬೇಡಿ.

ಎರಡನೆಯ ವಾಕ್ಯ ಕಡ್ಡಾಯ: "ಬಹುಕಾಲ ಕಸವೆಂದು ಕಡೆಗಣಿಸಲ್ಪಟ್ಟಿದ್ದ ಈ ಅಣುಗಳು..." ಇದನ್ನು ಬರೆಯದೆ ಈ ಕ್ಷೇತ್ರದಲ್ಲಿ ಯಾರೂ ಪೀಠಿಕೆ ಮುಗಿಸುವುದಿಲ್ಲ. ಕಡೆಗಣಿಸಿದವರು ಹಾಗೇಕೆ ಮಾಡಿದರು ಎಂದು ಕೇಳಬೇಡಿ. 1991ರಲ್ಲಿ ಬರ್ಟ್ ವೋಗಲ್‌ಸ್ಟೈನ್ ಅವರ ಪ್ರಯೋಗಾಲಯದವರು ಡಿಸಿಸಿ ಎಂಬ ಜೀನಿನಲ್ಲಿ ಎಕ್ಸಾನ್‌ಗಳು ಹಿಂದುಮುಂದಾಗಿ ಹೊಲಿದುಕೊಂಡದ್ದನ್ನು ಕಂಡಾಗ, ಅವು ತೀರ ಕಡಿಮೆ ಪ್ರಮಾಣದಲ್ಲಿವೆ ಎಂದೂ ದಾಖಲಿಸಿದ್ದರು. ಕಡೆಗಣಿಸುವುದಕ್ಕೆ ಅದು ಸಾಕಷ್ಟು ಒಳ್ಳೆಯ ಕಾರಣವಾಗಿತ್ತು. 2012ರಲ್ಲಿ ಸ್ಟ್ಯಾನ್‌ಫರ್ಡ್‌ನ ಜೂಲಿಯಾ ಸಾಲ್ಝ್‌ಮನ್ ತಂಡ ಸೀಕ್ವೆನ್ಸಿಂಗ್ ಮಾಹಿತಿಯಲ್ಲಿ ನೂರಾರು ಮಾನವ ಜೀನುಗಳಿಂದ ಉಂಗುರಗಳನ್ನು ಹೆಕ್ಕಿ ತೆಗೆದ ಮೇಲೆ ಗಾಳಿ ತಿರುಗಿತು. ನೀವು ಗಾಳಿ ತಿರುಗಿದ ಮೇಲೆ ತೂರುವವರು. ಹಿಂದಿನದರ ಗೊಡವೆ ನಿಮಗೇಕೆ.

ಈಗ ನಿಮ್ಮದೇ ಒಂದು ಉಂಗುರ ಹುಡುಕಿ. ನಾಲ್ಕಾರು ರೋಗಿಗಳ ಗಡ್ಡೆ ಮತ್ತು ಪಕ್ಕದ ಅಂಗಾಂಶ ಕೊಟ್ಟು, ಯಾವ ಉಂಗುರ ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಎಂದು ತೋರಿಸುವ ಮೈಕ್ರೋಅರೇ ಮಾಡಿಸಿ. ಕೆಂಪು ಹಸಿರು ಚೌಕಗಳ ಚಿತ್ರ ಬರುತ್ತದೆ. ಗಡ್ಡೆಯಲ್ಲಿ ಹೆಚ್ಚಿದ ಉಂಗುರ ಕ್ಯಾನ್ಸರ್ ಬೆಳೆಸುವಂಥದು, ತಗ್ಗಿದ ಉಂಗುರ ಕ್ಯಾನ್ಸರ್ ತಡೆಯುವಂಥದು ಎಂದು ಬರೆದುಕೊಳ್ಳಿ. ವಿಯೆನ್ನಾದ ಒಂದು ತಂಡ 2015ರಲ್ಲಿ ದೊಡ್ಡ ಕರುಳಿನ ಗಡ್ಡೆಗಳಲ್ಲಿ ಉಂಗುರಗಳು ಒಟ್ಟಾರೆಯಾಗಿಯೇ ತಗ್ಗಿರುವುದನ್ನು ತೋರಿಸಿತ್ತು. ಕೋಶಗಳು ಬೇಗ ಬೇಗ ಒಡೆದು ಎರಡಾಗುತ್ತಿದ್ದರೆ ನಿಧಾನಕ್ಕೆ ಕೂಡಿಕೊಳ್ಳುವ ಉಂಗುರಗಳು ಹಂಚಿ ತೆಳುವಾಗುವುದು ಸಹಜ, ಅಷ್ಟೇ. ಈ ವಿವರಣೆ ಒಪ್ಪಿದರೆ ನಿಮ್ಮ ಉಂಗುರ ವೀರನಲ್ಲ, ಜನಗಣತಿಯ ಒಂದು ಅಂಕಿ. ಒಪ್ಪಬೇಡಿ.

ಉಂಗುರದ ಪ್ರಮಾಣವನ್ನೂ ಎಣಿಸಬೇಡಿ. ಒಂದು ಕೋಶದಲ್ಲಿ ನಿಮ್ಮ ಉಂಗುರದ ಎಷ್ಟು ಪ್ರತಿಗಳಿವೆ ಎಂಬ ಪ್ರಶ್ನೆಗೆ ಬಹಳ ಸಲ ಉತ್ತರ "ಒಂದೆರಡು, ಹೆಚ್ಚೆಂದರೆ ನಾಲ್ಕಾರು" ಎಂದು ಬರುತ್ತದೆ. ಅಂಥ ಉತ್ತರ ಬಂದ ಮೇಲೆ ಪ್ರಬಂಧ ಮುಂದುವರಿಸುವುದಕ್ಕೆ ಎದೆಗಾರಿಕೆ ಬೇಕು. ಪ್ರಶ್ನೆಯೇ ಇಲ್ಲದಿದ್ದರೆ ಎದೆಗಾರಿಕೆಯ ಅಗತ್ಯವೂ ಇಲ್ಲ. ನಕ್ಷೆಯಲ್ಲಿ ಲಂಬ ಅಕ್ಷಕ್ಕೆ "ಸಾಪೇಕ್ಷ ಪ್ರಮಾಣ" ಎಂದಷ್ಟೇ ಹಾಕಿ. ಎರಡು ನಾಲ್ಕಾದರೂ ಎರಡು ಪಟ್ಟು, ಎರಡು ಸಾವಿರ ನಾಲ್ಕು ಸಾವಿರವಾದರೂ ಎರಡೇ ಪಟ್ಟು.

ಈಗ ಸ್ಪಂಜಿನ ವಿಷಯ. ಇದರಲ್ಲಿ ನುರಿತವರು ಅಲ್ಲಿಂದ ಮುಂದೆ ಜೀವಮಾನವಿಡೀ ಬೇರೆ ವಿದ್ಯೆ ಕಲಿಯಬೇಕಿಲ್ಲ.

2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಡೆನ್ಮಾರ್ಕಿನ ಮತ್ತು ಬರ್ಲಿನ್ನಿನ ಎರಡು ತಂಡಗಳು ಒಂದೇ ಉಂಗುರದ ಕಥೆ ಹೇಳಿದವು. ಮಿದುಳಿನಲ್ಲಿ ಯಥೇಚ್ಛವಾಗಿರುವ ಸಿಡಿಆರ್-1 ಆ್ಯಂಟಿಸೆನ್ಸ್ ಎಂಬ ಆ ಉಂಗುರದ ಮೇಲೆ ಮಿರ್-7 ಎಂಬ ಮೈಕ್ರೋ ಆರ್‌ಎನ್‌ಎ ಕೂರಬಲ್ಲ ಜಾಗಗಳು 70ಕ್ಕೂ ಹೆಚ್ಚು. ಮೈಕ್ರೋ ಆರ್‌ಎನ್‌ಎ ಎಂದರೆ ಬೇರೆ ಜೀನುಗಳ ಬಾಯಿ ಮುಚ್ಚಿಸುವ ಪುಟ್ಟ ತುಣುಕು. ಅಷ್ಟೊಂದು ಜಾಗವಿರುವ ಉಂಗುರ ಅವನ್ನೆಲ್ಲ ಹೀರಿಟ್ಟುಕೊಂಡರೆ ಬಾಯಿ ಮುಚ್ಚಿದ್ದ ಜೀನುಗಳು ಮತ್ತೆ ಮಾತಾಡುತ್ತವೆ ಎಂಬುದು ವಾದ. ನೋಡಿದಿರಾ, ಎಷ್ಟು ಚೆಂದ. ಈಗ ನಿಮ್ಮ ಉಂಗುರವನ್ನು ಕಂಪ್ಯೂಟರಿಗೆ ಕೊಟ್ಟು ಯಾವುದಾದರೂ ಮೈಕ್ರೋ ಆರ್‌ಎನ್‌ಎ ಕೂರುವ ಜಾಗ ಇದೆಯೇ ನೋಡಿ. ಒಂದು ಸಿಗುತ್ತದೆ, ಅದೃಷ್ಟವಿದ್ದರೆ ಎರಡು. 70 ಇದ್ದದ್ದನ್ನು ಸ್ಪಂಜು ಎಂದ ಮೇಲೆ ಒಂದಿದ್ದದ್ದನ್ನು ಹಾಗೆನ್ನಬಾರದೆಂದು ಎಲ್ಲಿ ಬರೆದಿದೆ? ಬರೆದಿದೆ, ಅದೂ 2014ರಲ್ಲೇ. ಡೇವಿಡ್ ಬಾರ್ಟೆಲ್ ತಂಡ ಸಾವಿರಾರು ಉಂಗುರಗಳನ್ನು ಪರಿಶೀಲಿಸಿ, ಬಹುಪಾಲು ಉಂಗುರಗಳಲ್ಲಿ ಇಂಥ ಜಾಗಗಳು ಆಕಸ್ಮಿಕವಾಗಿ ಇರಬಹುದಾದಷ್ಟೇ ಇವೆ ಎಂದಿತು. ಆ ಪ್ರಬಂಧವನ್ನು ಉಲ್ಲೇಖಗಳ ಪಟ್ಟಿಯಲ್ಲಿ ಸೇರಿಸಿ, ಓದಬೇಡಿ.

ಬರ್ಲಿನ್ನಿನ ತಂಡ ಇನ್ನೊಂದು ತಂಟೆಯನ್ನೂ ಮಾಡಿದೆ. 2017ರಲ್ಲಿ ಅವರು ತಮ್ಮ ಆ ಪ್ರಸಿದ್ಧ ಉಂಗುರವನ್ನೇ ಇಲಿಯಿಂದ ತೆಗೆದುಹಾಕಿದರು. ಸ್ಪಂಜು ಹೋದರೆ ಮಿರ್-7 ಬಿಡುಗಡೆಯಾಗಿ ಮೆರೆಯಬೇಕಲ್ಲವೇ? ಮಿದುಳಿನಲ್ಲಿ ಮಿರ್-7 ಕಡಿಮೆಯಾಯಿತು. ಉಂಗುರ ಅದನ್ನು ಹೀರಿ ಅಡಗಿಸುವ ಬದಲು ಕಾಪಾಡುತ್ತಿತ್ತು ಎಂದು ತೋರಿತು. ಸ್ಪಂಜು ಕಥೆಯ ಮೂಲ ವಿಗ್ರಹದಲ್ಲೇ ಬಿರುಕು ಬಿತ್ತು ಎಂದು ಗಾಬರಿಯಾಗಬೇಡಿ. "ಉಂಗುರಗಳಿಗೆ ಮಿದುಳಿನಲ್ಲಿ ಮಹತ್ವದ ಪಾತ್ರವಿದೆ" ಎಂಬ ವಾಕ್ಯದ ಕೆಳಗೆ ಈ ಪ್ರಬಂಧವನ್ನು ಇರಿಸಿ. ಸುಳ್ಳೇನೂ ಅಲ್ಲ.

ಪುರಾವೆಗೆ ಮಿಂಚುಹುಳದ ಪರೀಕ್ಷೆ ಮಾಡಿ. ಮಿಂಚುಹುಳಕ್ಕೆ ಬೆಳಕು ಕೊಡುವ ಜೀನಿನ ಬಾಲಕ್ಕೆ ನಿಮ್ಮ ಉಂಗುರದ ಆ ಒಂದು ಜಾಗವನ್ನು ಜೋಡಿಸಿ ಕೋಶಕ್ಕೆ ತುಂಬಿ. ಹೊರಗಿನಿಂದ ಮೈಕ್ರೋ ಆರ್‌ಎನ್‌ಎಯನ್ನು ಧಾರಾಳವಾಗಿ ಸುರಿಯಿರಿ. ಕೋಶ ತನ್ನ ಜನ್ಮದಲ್ಲಿ ಕಂಡಿರದಷ್ಟು. ಬೆಳಕು ತಗ್ಗುತ್ತದೆ. ಆ ಜಾಗದ ನಾಲ್ಕು ಅಕ್ಷರ ಕೆಡಿಸಿ ಮತ್ತೆ ಸುರಿಯಿರಿ, ಬೆಳಕು ತಗ್ಗುವುದಿಲ್ಲ. ಎರಡು ಕಂಬಗಳ ನಕ್ಷೆ, ಮೇಲೆ ಮೂರು ನಕ್ಷತ್ರ. ಕೋಶದೊಳಗೆ ನಿಜವಾಗಿ ಇರುವ ನಾಲ್ಕಾರು ಉಂಗುರಗಳು ಅಲ್ಲಿರುವ ಸಾವಿರಾರು ಮೈಕ್ರೋ ಆರ್‌ಎನ್‌ಎಗಳನ್ನು ಹೇಗೆ ಹೀರುತ್ತವೆ ಎಂಬುದು ಅಂಕಗಣಿತದ ಪ್ರಶ್ನೆ. ನಿಮ್ಮದು ಜೀವಶಾಸ್ತ್ರ ವಿಭಾಗ.

ಕೊನೆಗೆ ಕಂಪ್ಯೂಟರಿನ ಪಟ್ಟಿಯಿಂದ ಹೆಸರುವಾಸಿಯಾದ ಒಂದು ಕ್ಯಾನ್ಸರ್ ಜೀನನ್ನು ಆರಿಸಿ. ಉಂಗುರ, ಓರೆಗೆರೆ, ಮೈಕ್ರೋ ಆರ್‌ಎನ್‌ಎ, ಓರೆಗೆರೆ, ಜೀನು, ಪಕ್ಕದಲ್ಲಿ "ಅಕ್ಷ" ಎಂದು ಹಾಕಿ. ಶೀರ್ಷಿಕೆ ಸಿದ್ಧ. ಇದೇ ಅಚ್ಚಿನಲ್ಲಿ ಮೂರೂ ಹೆಸರುಗಳನ್ನು ಬದಲಿಸುತ್ತ ಹೋದರೆ ಎಷ್ಟು ಪ್ರಬಂಧಗಳಾಗಬಹುದು ಎಂಬುದನ್ನು ನಿಮಗಿಂತ ಮೊದಲೇ ಬಹಳ ಜನ ಲೆಕ್ಕ ಹಾಕಿದ್ದಾರೆ. ಯುಜಿಸಿ 2022ರ ನಿಯಮಗಳಲ್ಲಿ ಪಿಎಚ್‌ಡಿಗೆ ಪ್ರಬಂಧ ಪ್ರಕಟಿಸಲೇಬೇಕೆಂಬ ಷರತ್ತನ್ನು ತೆಗೆದುಹಾಕಿತು ಎಂದು ಸಡಿಲಾಗಬೇಡಿ. ಮಾರ್ಗದರ್ಶಕರು ತೆಗೆದುಹಾಕಿಲ್ಲ.

ಇನ್ನು ಪ್ರಯೋಗಾಲಯದ ಶಿಸ್ತು. ನಿಮ್ಮ ಉಂಗುರ ನಿಜಕ್ಕೂ ಉಂಗುರವೇ ಎಂದು ಯಾರಾದರೂ ಕೇಳುತ್ತಾರೆ. ಎರಡು ಪುಟ್ಟ ಟ್ಯೂಬ್ ತೆಗೆದುಕೊಳ್ಳಿ, ಎರಡಕ್ಕೂ ಒಂದೇ ಆರ್‌ಎನ್‌ಎ ಹಾಕಿ, ಒಂದಕ್ಕೆ ಮಾತ್ರ ಆರ್‌ಎನ್‌ಏಸ್-ಆರ್ ಕಿಣ್ವ ಸೇರಿಸಿ 37 ಡಿಗ್ರಿಯಲ್ಲಿ ಇಡಿ. ಕಿಣ್ವ ಬಿದ್ದ ಟ್ಯೂಬಿನಲ್ಲಿ ಉದ್ದನೆಯ ಎಳೆಗಳು ಮಾಯವಾಗುತ್ತವೆ, ಉಂಗುರ ಉಳಿಯುತ್ತದೆ. ಉಳಿಯದಿದ್ದರೆ ಕಿಣ್ವ ಹೆಚ್ಚಾಯಿತು ಎಂದು ಕಿಣ್ವವನ್ನು ಬೈಯಿರಿ. ಕುಣಿಯಲಾರದವಳಿಗೆ ನೆಲ ಡೊಂಕಾಗುವುದು ನಮ್ಮಲ್ಲಿ ಒಪ್ಪಿತವಾದ ಪದ್ಧತಿ. ಆರ್‌ಎನ್‌ಎಯನ್ನು ಡಿಎನ್‌ಎಗೆ ತಿರುಗಿಸುವ ಕಿಣ್ವ ಒಂದು ಎಳೆಯಿಂದ ಇನ್ನೊಂದಕ್ಕೆ ಹಾರಿ, ಇಲ್ಲದ ಹೊಲಿಗೆಯನ್ನು ಇದ್ದಂತೆ ತೋರಿಸುವುದೂ ಉಂಟು. ಹಾರಿದ ಹೊಲಿಗೆಗೂ ಉಂಗುರದ ಹೊಲಿಗೆಗೂ ಪಿಸಿಆರ್ ಪಟ್ಟೆ ಒಂದೇ ಥರ ಕಾಣುತ್ತದೆ. ಪಟ್ಟೆಯ ಫೋಟೊ ತೆಗೆದುಕೊಂಡು ಮನೆಗೆ ಹೋಗಿ.

ಉಂಗುರವನ್ನು ಅಡಗಿಸಲು ಅದರ ಹೊಲಿಗೆಯ ಮೇಲೆ ಕೂರುವ 21 ಅಕ್ಷರದ ಎಸ್‌ಐ-ಆರ್‌ಎನ್‌ಎ ತರಿಸಿ. ಈ 21ರಲ್ಲಿ ಅರ್ಧ ಹೊಲಿಗೆಯ ಈಚೆ, ಅರ್ಧ ಆಚೆ. ಆ ಎರಡೂ ಅರ್ಧಗಳು ಅದೇ ಜೀನಿನ ಉದ್ದನೆಯ ಎಳೆಯಲ್ಲೂ ಇರುತ್ತವೆ, ಹೀಗಾಗಿ ಎಳೆಗೂ ಪೆಟ್ಟು ಬಿದ್ದಿದೆಯೇ ನೋಡಬೇಕು ಎಂದು ಜಾಗರೂಕರು ಹೇಳುತ್ತಾರೆ. ಅವರು 2022ರಲ್ಲಿ ನೇಚರ್ ಮೆಥಡ್ಸ್ ಪತ್ರಿಕೆಯಲ್ಲಿ ಉಂಗುರ ಸಂಶೋಧನೆಯ ನಡಾವಳಿಯನ್ನೇ ಬರೆದಿಟ್ಟಿದ್ದಾರೆ. ನೀವು ಅದರ ಹಿಂದಿನ ವರ್ಷದ ಪದ್ಧತಿಯಂತೆ ನಡೆಯಿರಿ. ಉಂಗುರವನ್ನು ಹೆಚ್ಚಿಸಬೇಕಾದರೆ ಅದರ ಡಿಎನ್‌ಎ ಪ್ರತಿ ಹೊತ್ತ ಪ್ಲಾಸ್ಮಿಡ್ಡನ್ನು ಕೋಶಕ್ಕೆ ತುಂಬಿ. ಅದರಿಂದ ಉಂಗುರದ ಜೊತೆಗೆ ಎಳೆಯೂ ಸೋರಿ ಬರುತ್ತದೆ. ಉಂಗುರ ಪ್ರೋಟೀನ್ ಮಾಡುತ್ತದೆ ಎಂದು ಕೆಲವರು ಕಂಡದ್ದರಲ್ಲಿ ಬಹಳಷ್ಟು ಹೀಗೆ ಸೋರಿದ ಎಳೆಯ ಕೈಚಳಕ ಎಂದು 2020ರಲ್ಲಿ ತೋರಿಸಿಕೊಟ್ಟವರಿದ್ದಾರೆ. ಆ ವರ್ಷ ಜನ ಬೇರೆ ಸುದ್ದಿಯಲ್ಲಿ ಮುಳುಗಿದ್ದರು. ನೀವೂ ಮುಳುಗಿದ್ದಿರಿ ಎಂದುಕೊಳ್ಳಿ.

ಇಲಿ ಇಲ್ಲದೆ ಚಿಕಿತ್ಸೆ ಇಲ್ಲ. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಲೋಕ ನಗುತ್ತದೆ. ಈ ಕ್ಷೇತ್ರದಲ್ಲಿ ಇಲಿ ಸಿಕ್ಕಿತೆಂದರೆ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಎರಡು ಅಂಕಿಗೆ ಏರಿತೆಂದೇ ಅರ್ಥ. ಥೈಮಸ್ ಇಲ್ಲದೆ ಹುಟ್ಟುವ, ಮೈಮೇಲೆ ಕೂದಲಿಲ್ಲದ ಇಲಿಗಳನ್ನು ತರಿಸಿ. ಮನುಷ್ಯರ ಕ್ಯಾನ್ಸರ್ ಕೋಶಗಳನ್ನು ಪಕ್ಕೆಯ ಚರ್ಮದಡಿ ಚುಚ್ಚಿ. ಓಡಿಸಲು ಟಿ-ಕೋಶಗಳಿಲ್ಲದ ಕಾರಣ ಗಡ್ಡೆ ನೆಮ್ಮದಿಯಾಗಿ ಬೆಳೆಯುತ್ತದೆ. ಮದ್ದನ್ನು ನೇರವಾಗಿ ಆ ಗಡ್ಡೆಯೊಳಕ್ಕೇ ಚುಚ್ಚಿ. ಕೆಲವು ವಾರಗಳ ನಂತರ ಗಡ್ಡೆಗಳನ್ನು ಬಿಡಿಸಿ, ಒರೆಸಿ, ಬಿಳಿ ಕಾಗದದ ಮೇಲೆ ಎರಡು ಸಾಲಾಗಿ ಜೋಡಿಸಿ. ಮೇಲಿನ ಸಾಲಿನಲ್ಲಿ ದೊಡ್ಡವು, ಕೆಳಗಿನ ಸಾಲಿನಲ್ಲಿ ಚಿಕ್ಕವು, ಕೆಳಗೊಂದು ಸೆಂಟಿಮೀಟರ್ ಸ್ಕೇಲು. ಸಾಲಿನ ನಡುವೆ ಒಂದು ತುಂಟ ಗಡ್ಡೆ ದೊಡ್ಡದಾಗಿದ್ದರೆ ಸ್ಕೇಲನ್ನು ಸ್ವಲ್ಪ ಸರಿಸಿ. ಈ ಫೋಟೊ ಅನೇಕ ಪ್ರಬಂಧಗಳಲ್ಲಿ ಒಂದೇ ಥರ ಇರುತ್ತದೆ. ಕೆಲವೊಮ್ಮೆ ಒಂದೇ ಫೋಟೊ ಇರುತ್ತದೆ; ಅಂಥ ನಕಲುಗಳನ್ನು ಬರಿಗಣ್ಣಿನಿಂದಲೇ ಹಿಡಿಯುವ ಎಲಿಸಬೆತ್ ಬಿಕ್ ಎಂಬ ಮಹಿಳೆಯ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಪಿಸಿಆರ್‌ಗೆ ಬೇಕಾದ ಪ್ರೈಮರ್ ಎಂಬ ಪುಟ್ಟ ಡಿಎನ್‌ಎ ತುಣುಕುಗಳ ಪಟ್ಟಿಯನ್ನೂ ಬೇರೆಯವರಿಂದ ಹಾಗೇ ಇಳಿಸಿಕೊಳ್ಳಬೇಡಿ. ಸಿಡ್ನಿಯ ಜೆನಿಫರ್ ಬೈರ್ನ್ ಅಕ್ಷರಗಳನ್ನು ಒಂದೊಂದಾಗಿ ಹೊಂದಿಸಿ, ಈ ಪ್ರೈಮರ್ ನೀವು ಹೇಳಿದ ಜೀನಿನದೇ ಅಲ್ಲವಲ್ಲ ಎಂದು ಸಂಪಾದಕರಿಗೆ ಪತ್ರ ಬರೆಯುತ್ತಾರೆ.

ಮನುಷ್ಯರ ಯಕೃತ್ತಿನ ಆಳದಲ್ಲಿರುವ ಗಡ್ಡೆಗೆ ಮದ್ದು ತಲುಪುವುದು ಹೇಗೆ ಎಂಬುದಕ್ಕೆ "ನ್ಯಾನೊಕಣಗಳು" ಎಂದು ಬರೆಯಿರಿ. ಜಠರ, ಮಿದುಳು, ಮೂಳೆ ಎಲ್ಲಕ್ಕೂ ಇದೇ ಉತ್ತರ. ರಕ್ತಕ್ಕೆ ಬಿಟ್ಟ ಕೊಬ್ಬಿನ ನ್ಯಾನೊಕಣ ಬಹುಪಾಲು ಯಕೃತ್ತಿಗೇ ಹೋಗಿ ಕೂರುತ್ತದೆ ಎಂಬುದು ಯಕೃತ್ತಿನವರಿಗೆ ಮಾತ್ರ ಸಂತೋಷದ ಸುದ್ದಿ. ಮಿರ್-34 ಅನ್ನು ಅನುಕರಿಸುವ ಮದ್ದನ್ನು ಹೀಗೇ ಕೊಬ್ಬಿನ ಕಣದಲ್ಲಿ ತುಂಬಿ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದ ಪ್ರಯೋಗವನ್ನು, ರೋಗಪ್ರತಿರೋಧ ವ್ಯವಸ್ಥೆ ಕೆರಳಿ ಆದ ಗಂಭೀರ ತೊಂದರೆಗಳಿಂದ 2016ರಲ್ಲಿ ನಿಲ್ಲಿಸಬೇಕಾಯಿತು. ಅಶುಭ. ಬೇರೆ ಮಾತಾಡೋಣ.

ಇನ್ನು ಹೇಳುವುದು ನಮ್ಮ ವಿದ್ಯೆಯ ಗುಟ್ಟು, ಗಮನವಿಟ್ಟು ಕೇಳಿ. ಉಂಗುರಗಳಲ್ಲಿ ಎರಡು ಜಾತಿ. ಒಂದು ಜೀವಕೋಶದಲ್ಲಿ ತಾನಾಗಿ ಹುಟ್ಟುವ, ನೀವು ಮೈಕ್ರೋಅರೇಯಲ್ಲಿ ಹೆಕ್ಕಿದಂಥ ಉಂಗುರ. ಇನ್ನೊಂದು ಮನುಷ್ಯರು ಟ್ಯೂಬಿನಲ್ಲಿ ಕಟ್ಟಿದ ಉಂಗುರ. ಎಂಐಟಿಯ ವೆಸಲ್‌ಹಾಫ್ಟ್, ಆ್ಯಂಡರ್ಸನ್ ಮುಂತಾದವರು 2018ರಲ್ಲಿ ಅನಬೀನ ಎಂಬ ಸಯನೋಬ್ಯಾಕ್ಟೀರಿಯಾದ ತಾನೇ ಕತ್ತರಿಸಿ ತಾನೇ ಹೊಲಿಯುವ ಇಂಟ್ರಾನನ್ನು ಪಳಗಿಸಿ, ಉದ್ದನೆಯ ಉಂಗುರಗಳನ್ನು ಕಟ್ಟಿದರು. ಪ್ರೋಟೀನ್ ಕಟ್ಟುವ ರೈಬೋಸೋಮ್ ಹಿಡಿಯಲು ಉಂಗುರಕ್ಕೆ ಎಳೆಯಂತೆ ಟೊಪ್ಪಿಗೆಯ ತುದಿ ಇಲ್ಲ. ಹಾಗಾಗಿ ವೈರಸ್ಸುಗಳಿಂದ ಎರವಲು ತಂದ ಹೆಬ್ಬಾಗಿಲೊಂದನ್ನು ಒಳಗೆ ಕೂರಿಸಿದರು. ಅದರಿಂದ ಪ್ರೋಟೀನ್ ಬಂತು, ಸಾಮಾನ್ಯ ಎಂಆರ್‌ಎನ್‌ಎಗಿಂತ ಹೆಚ್ಚು ಕಾಲ ಬಂತು. ಉಂಗುರದ ಜೊತೆ ಉಳಿದ ಎಳೆಯ ಚೂರುಗಳನ್ನು ಚೆನ್ನಾಗಿ ತೆಗೆಯದಿದ್ದರೆ ದೇಹ ಕೆರಳುತ್ತದೆ ಎಂಬುದನ್ನೂ ಕಂಡುಕೊಂಡು, ಶುದ್ಧಿಮಾಡುವುದಕ್ಕೆ ತಲೆ ಕೆಡಿಸಿಕೊಂಡರು. 2022ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ವೈ ವೆನ್‌ಶೆಂಗ್ ತಂಡ ಕೋವಿಡ್ ಲಸಿಕೆಯನ್ನು ಉಂಗುರದಲ್ಲಿ ಕಟ್ಟಿ ಇಲಿಗಳಲ್ಲೂ ರೀಸಸ್ ಕೋತಿಗಳಲ್ಲೂ ರಕ್ಷಣೆ ತೋರಿಸಿತು. ಶಾಂಘೈ ಮೂಲದ ರೈಬಾಕ್ಸ್ ಕಂಪನಿಯ ಉಂಗುರಕ್ಕೆ ಈಚೆಗೆ ಮನುಷ್ಯರ ಮೇಲೆ ಪರೀಕ್ಷಿಸಲು ಅಮೆರಿಕದ ಎಫ್‌ಡಿಎ ಒಪ್ಪಿತು. ಯಾವ ರೋಗಕ್ಕೆ ಬಲ್ಲಿರಾ? ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ರೇಡಿಯೇಷನ್ ಕೊಟ್ಟ ಮೇಲೆ ಜೊಲ್ಲುಗ್ರಂಥಿ ಬತ್ತಿ ಬಾಯಿ ಒಣಗುವುದಕ್ಕೆ. ಆ ಉಂಗುರ ನೀರು ಹರಿಸುವ ಆಕ್ವಾಪೊರಿನ್ ಎಂಬ ಪ್ರೋಟೀನ್ ಮಾಡಿಸುತ್ತದೆ. ಎಷ್ಟು ಸಣ್ಣ ಆಸೆ! ಯಾವ ಅಕ್ಷವೂ ಇಲ್ಲ, ಸ್ಪಂಜೂ ಇಲ್ಲ.

ಕಟ್ಟಿದ ಉಂಗುರದವರು ಪಡುವ ಪಾಡು ಪಡಬೇಡಿ. ಅವರ ಫಲವನ್ನು ಮಾತ್ರ ತೆಗೆದುಕೊಳ್ಳಿ. ಮೊದಲ ಪ್ಯಾರಾದಲ್ಲಿ "ಉಂಗುರ ಲಸಿಕೆಗಳು ಕೋತಿಗಳಲ್ಲಿ ಯಶಸ್ವಿಯಾಗಿವೆ" ಎಂದು ಬರೆದು, ಎರಡನೆಯ ಪ್ಯಾರಾದಲ್ಲಿ "ಆದ್ದರಿಂದ ಜಠರದ ಕ್ಯಾನ್ಸರಿನಲ್ಲಿ ನಾವು ಕಂಡ ಈ ಉಂಗುರವೂ" ಎಂದು ಆರಂಭಿಸಿ. ಎರಡಕ್ಕೂ ಇರುವ ನಂಟು ದುಂಡಗಿರುವುದೊಂದೇ. ಅಷ್ಟು ಸಾಕು.

ಪ್ರಬಂಧ ಸಾಲದು, ದುಡ್ಡೂ ಬೇಕು ಎನ್ನುವವರು ಬೋಸ್ಟನ್ನಿನ ಕಡೆ ನೋಡಿ. ಆ ಕಡೆಯ ಲಾರೋಂಡ್ ಕಂಪನಿ ತನ್ನ ಉಂಗುರಗಳಿಗೆ ಅಂತ್ಯವಿಲ್ಲದ ಆರ್‌ಎನ್‌ಎ ಎಂದು ಹೆಸರಿಟ್ಟು 2021ರಲ್ಲಿ ಒಂದೇ ಸುತ್ತಿನಲ್ಲಿ 44 ಕೋಟಿ ಡಾಲರ್ ಎತ್ತಿತು. 2023ರಲ್ಲಿ ಇನ್ನೊಂದು ಕಂಪನಿಯ ಜೊತೆ ಸೇರಿ ಹೊಸ ಹೆಸರು ಹೊತ್ತಿತು. ಆರ್‌ಎನ್‌ಎಗೆ ಅಂತ್ಯವಿರಲಿಲ್ಲ, ಹೆಸರಿಗಿತ್ತು.

ಹಿಂತೆಗೆತದ ಭಯ ಇಟ್ಟುಕೊಳ್ಳಬೇಡಿ. 2023ರಲ್ಲಿ ಜಗತ್ತಿನಲ್ಲಿ ಹಿಂತೆಗೆದ ಪ್ರಬಂಧಗಳು ಹತ್ತು ಸಾವಿರ ದಾಟಿದವು, ಅದರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಹಿಂದಾವಿ ಎಂಬ ಒಂದೇ ಪ್ರಕಾಶನದವು. ಅಷ್ಟು ದೊಡ್ಡ ಸಂತೆಯಲ್ಲಿ ನಿಮ್ಮನ್ನು ಯಾರು ಗುರುತಿಸುತ್ತಾರೆ? ಸಂಪಾದಕರು ಮೂಲ ಮಾಹಿತಿ ಕೇಳಿದರೆ ಹಾರ್ಡ್ ಡಿಸ್ಕ್ ಕೆಟ್ಟಿದೆ ಎನ್ನಿ. ಆ ಕೆಲಸ ಮಾಡಿದ ವಿದ್ಯಾರ್ಥಿ ವಿದೇಶಕ್ಕೆ ಹೋಗಿದ್ದಾನೆ ಎಂದೂ ಸೇರಿಸಿ. ಹಿಂತೆಗೆದ ಪ್ರಬಂಧವನ್ನೂ ಜನ ಉಲ್ಲೇಖಿಸುತ್ತಲೇ ಇರುತ್ತಾರೆ. ನಿಮ್ಮ ಎಚ್-ಇಂಡೆಕ್ಸಿಗೆ ಧಕ್ಕೆಯಿಲ್ಲ.

ಪತ್ರಿಕೆಯಲ್ಲಿ "ಕ್ಯಾನ್ಸರಿಗೆ ಉಂಗುರ ಚಿಕಿತ್ಸೆ" ಎಂದು ಸುದ್ದಿ ಬಂದ ಮಾರನೆಯ ದಿನ ಹುಬ್ಬಳ್ಳಿಯಿಂದಲೋ ಹಾಸನದಿಂದಲೋ ಒಬ್ಬರು ಫೋನ್ ಮಾಡುತ್ತಾರೆ. ತಾಯಿಗೆ ಜಠರದ ಕ್ಯಾನ್ಸರ್, ನಾಲ್ಕನೇ ಹಂತ. ಈ ಮದ್ದು ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ, ನಾವು ಬೆಂಗಳೂರಿಗೆ ಬರಬೇಕೆ ಎಂದು ಕೇಳುತ್ತಾರೆ. ರಿಪೋರ್ಟುಗಳನ್ನು ವಾಟ್ಸಾಪಿನಲ್ಲಿ ಕಳಿಸಲೇ ಎನ್ನುತ್ತಾರೆ. ಮೆಲುದನಿಯಲ್ಲಿ, ಇದು ಇಲಿಗಳ ಮೇಲಿನ ಬಹಳ ಆರಂಭದ ಕೆಲಸ, ಮನುಷ್ಯರಿಗೆ ಕೊಡುವಂಥ ಮದ್ದು ಇನ್ನೂ ಇಲ್ಲ, ನಿಮ್ಮ ಡಾಕ್ಟರು ಹೇಳಿದ ಕೀಮೋವನ್ನು ನಿಲ್ಲಿಸಬೇಡಿ ಎಂದು ಹೇಳಿ. ಈ ವಾಕ್ಯವನ್ನು ಫೋನಿನಲ್ಲಿ ಮಾತ್ರ ಬಳಸಿ. ಪ್ರಬಂಧದ ಸಾರಾಂಶದಲ್ಲಿ ಇದಕ್ಕೆ ಜಾಗವಿಲ್ಲ, 250 ಪದಗಳ ಮಿತಿ ಇದೆ.